ದಾಂತೆಯ ಮೂರು ಲೋಕಗಳ ಎಲ್ಲೆಕಟ್ಟುಗಳು
(ಸಂಘದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡದ ಹಬ್ಬದಲ್ಲಿ ಇಟಲಿಯ ನರಕವೇಕೆ ಎಂದು ಹಿರಿಯರೊಬ್ಬರು ಈ ಭಾಷಣದ ವಿಷಯವನ್ನು ಕೇಳಿ ನಗುತ್ತಲೇ ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದುದೇ. ನವೆಂಬರ್ 1 ಎಂದರೆ ನಮಗೆ ಎಲ್ಲೆಗಳು ನೆನಪಾಗುವ ದಿನ. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡದ ಸೀಮೆಗಳು 1956 ರಲ್ಲಿ ಆ ದಿನ ಒಂದು ಎಲ್ಲೆಯೊಳಗೆ ಬಂದವು. ನಾವಾದರೋ ಆ ಎಲ್ಲೆಯಿಂದಾಚೆ ಮನೆ ಮಾಡಿಕೊಂಡು, ವರ್ಷಕ್ಕೊಮ್ಮೆ ಇಲ್ಲಿ ಕೂಡಿ ಅದರ ಹಬ್ಬವನ್ನು ಆಚರಿಸುವವರು. ಎಲ್ಲೆಯನ್ನು ದಾಟುವುದೆಂದರೇನು, ಅದರ ಹೊರಗೆ ಉಳಿಯುವುದೆಂದರೇನು ಎಂಬ ವಿಚಾರವನ್ನು ಸುಮಾರು 700 ವರ್ಷಗಳ ಹಿಂದೆ ಒಬ್ಬ ಕವಿ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಸಾಲುಗಳಲ್ಲಿ ನಡೆಸಿದ್ದಾನೆ. ಆತನೂ ಊರಿನಿಂದ ಹೊರಗೆ ಹಾಕಿಸಿಕೊಂಡವನು. ಅವನ ಮಾತನ್ನು ಕೇಳಲು ನಮಗೆ ಸಲುವಳಿ ಉಂಟೆಂದು ನನ್ನ ಭಾವನೆ.

ನಾನು ಇಟಾಲಿಯನ್ ಭಾಷೆಯನ್ನು ಬಲ್ಲವನಲ್ಲ, ಇಂಗ್ಲಿಷ್ ಅನುವಾದಗಳ ಆಸರೆಯಲ್ಲಿ ಓದಿದವನು. ಆದುದರಿಂದ ಪದ್ಯದ ಸೊಗಸಿನ ವಿಚಾರಕ್ಕೆ ಕೈಹಾಕದೆ, ಕಾವ್ಯದಲ್ಲಿರುವ ನೆಲ, ನೀರು, ಬಾಗಿಲು, ಗೋಡೆಗಳನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ದಾಂತೆ ಅಲಿಘಿಯೇರಿ ಹುಟ್ಟಿದ್ದು 1265 ರಲ್ಲಿ, ಫ್ಲಾರೆನ್ಸ್ ನಗರದಲ್ಲಿ. ಅದು ಆಗ ಸ್ವತಂತ್ರವಾದ ಗಣರಾಜ್ಯ. ಉಣ್ಣೆಬಟ್ಟೆಗೂ ಲೇವಾದೇವಿಗೂ ಹೆಸರಾದ ಊರು. 1252 ರಿಂದ ಅಲ್ಲಿ ಅಚ್ಚಾಗುತ್ತಿದ್ದ ಚಿನ್ನದ ಫ್ಲಾರಿನ್ ನಾಣ್ಯ ಯುರೋಪಿನ ದೂರದೂರದ ಪೇಟೆಗಳಲ್ಲಿಯೂ ಚಲಾವಣೆಯಲ್ಲಿತ್ತು. ಹಣವಿದ್ದಲ್ಲಿ ಪಕ್ಷಗಳು, ಪಕ್ಷಗಳಿದ್ದಲ್ಲಿ ಹಗೆ. 1300 ರ ಬೇಸಗೆಯಲ್ಲಿ ಎರಡು ತಿಂಗಳ ಮಟ್ಟಿಗೆ ದಾಂತೆ ನಗರದ ಆಡಳಿತ ನಡೆಸುವ ಆರು ಜನರಲ್ಲಿ ಒಬ್ಬನಾಗಿದ್ದನು. ಮರುವರ್ಷದ ಕೊನೆಗೆ ಎದುರುಪಕ್ಷದವರ ಕೈ ಮೇಲಾಯಿತು. 1302 ರ ಜನವರಿ 27 ರಂದು, ಅಧಿಕಾರದಲ್ಲಿದ್ದಾಗ ಲಂಚಕೋರತನ ಮಾಡಿದನೆಂದು ಅವನಿಗೆ 5,000 ಫ್ಲಾರಿನ್ ದಂಡವೂ ಎರಡು ವರ್ಷದ ಗಡೀಪಾರೂ ವಿಧಿಸಲ್ಪಟ್ಟವು. ಮಾರ್ಚ್ 10 ರಂದು ಇನ್ನೊಂದು ಆಜ್ಞೆ ಹೊರಟಿತು: ನಗರದವರ ಕೈಗೆ ಸಿಕ್ಕಿದರೆ ಸುಟ್ಟು ಕೊಲ್ಲತಕ್ಕದ್ದು. ಅಂದು ಊರಿನ ಹೊರಗಿದ್ದವನು ಮತ್ತೆ ಒಳಗೆ ಬರಲೇ ಇಲ್ಲ. ಹತ್ತೊಂಬತ್ತು ವರ್ಷ ಅವರಿವರ ಆಶ್ರಯದಲ್ಲಿ ಬದುಕಿ 1321 ರ ಸೆಪ್ಟೆಂಬರಿನಲ್ಲಿ ರವೆನ್ನಾದಲ್ಲಿ ತೀರಿಕೊಂಡನು.

ಈ ಅಲೆದಾಟದಲ್ಲಿ ಬರೆದುದೇ ‘ಕಾಮಿದಿಯ’. ‘ದಿವ್ಯ’ ಎಂಬ ವಿಶೇಷಣ ಆಮೇಲಿನವರು ಸೇರಿಸಿದ್ದು. ನರಕ, ಶುದ್ಧಿಲೋಕ, ಸ್ವರ್ಗ ಎಂದು ಮೂರು ಭಾಗ, ಒಟ್ಟು 100 ಸರ್ಗ. ಕಥೆ ನಡೆಯುವುದು 1300 ರ ಈಸ್ಟರ್ ಹಬ್ಬದ ದಿನಗಳಲ್ಲಿ. ಎಂದರೆ ಕಥೆಯೊಳಗಿನ ದಾಂತೆಗೆ ಗಡೀಪಾರು ಇನ್ನೂ ಆಗಿಲ್ಲ. ದಾರಿಯಲ್ಲಿ ಸಿಕ್ಕುವ ಸತ್ತವರು ಒಬ್ಬೊಬ್ಬರಾಗಿ ಅದರ ಸೂಚನೆ ಕೊಡುತ್ತಾರೆ. ಬರೆಯುವ ದಾಂತೆಗಾದರೋ ಅದು ನಿತ್ಯದ ಅನುಭವ. ಈ ಎರಡು ಕಾಲಗಳ ನಡುವಣ ಬಿರುಕು ಕಾವ್ಯದ ಉದ್ದಕ್ಕೂ ಹರಿದಿದೆ.

ಮೊದಲು ಭೂಗೋಳವನ್ನು ನೋಡೋಣ. ಮಧ್ಯಯುಗದವರು ಭೂಮಿ ಚಪ್ಪಟೆಯೆಂದು ನಂಬಿದ್ದರೆಂಬ ಮಾತು ಇಂದಿಗೂ ಕೆಲವರ ಬಾಯಲ್ಲಿದೆ. ದಾಂತೆಯ ಭೂಮಿ ದುಂಡಗಿದೆ. ಅದರ ಒಂದು ಅರ್ಧದಲ್ಲಿ ಮನುಷ್ಯರಿರುವ ನೆಲ. ಅದರ ನಡುವೆ ಜೆರೂಸಲೇಂ, ಪಶ್ಚಿಮದ ಅಂಚಿನಲ್ಲಿ ಸ್ಪೇನ್, ಪೂರ್ವದ ಅಂಚಿನಲ್ಲಿ ನಮ್ಮ ಗಂಗಾನದಿ. ಶುದ್ಧಿಲೋಕದಲ್ಲಿ ಹೊತ್ತು ಎಷ್ಟಾಯಿತೆಂದು ಹೇಳಬೇಕಾದಾಗ ಕವಿ ಗಂಗೆಯ ಕಡೆ ನೋಡುತ್ತಾನೆ. ಅಲ್ಲಿ ಈಗ ರಾತ್ರಿ, ಅಲ್ಲಿ ಈಗ ನಡುಹಗಲು ಎಂದು ಲೆಕ್ಕ ಹಾಕುತ್ತಾನೆ. ನಮ್ಮ ಪಾಲಿಗೆ ಮನೆಯ ತೀರ್ಥವಾದದ್ದು ಅವನ ಪಾಲಿಗೆ ಲೋಕದ ಕೊನೆಯ ಗಡಿಕಲ್ಲು! ಭೂಮಿಯ ಇನ್ನೊಂದು ಅರ್ಧ ಬರಿಯ ಸಮುದ್ರ. ಅದರ ನಡುವೆ, ಜೆರೂಸಲೇಮಿಗೆ ನೇರ ಕೆಳಗೆ, ಒಂಟಿಯಾಗಿ ನಿಂತದ್ದು ಶುದ್ಧಿಪರ್ವತ. ನರಕವು ಜೆರೂಸಲೇಮಿನ ಅಡಿಯಿಂದ ಭೂಕೇಂದ್ರದವರೆಗೆ ಆಲಿಕೆಯಂತೆ ಕಿರಿದಾಗುತ್ತ ಇಳಿಯುತ್ತದೆ. ಎಲ್ಲಕ್ಕೂ ಮೇಲೆ ಒಂಬತ್ತು ಆಕಾಶಗೋಳಗಳು, ಅವುಗಳಾಚೆ ಸ್ಥಳಕಾಲಗಳಿಲ್ಲದ ಪರಮಧಾಮ.

ಇಂತಹ ನಕ್ಷೆ ಕೈಗೆ ಸಿಕ್ಕಿದ ಕೂಡಲೇ ನಮಗೆ ತೋರುವುದೇನೆಂದರೆ, ಈ ಕವಿ ಮಹಾ ಅಚ್ಚುಕಟ್ಟಿನ ಗುಮಾಸ್ತ. ಒಬ್ಬೊಬ್ಬ ಪಾಪಿಗೂ ಒಂದೊಂದು ಖಾನೆ ಮಾಡಿಟ್ಟಿದ್ದಾನೆ ಎಂದು. ನರಕದ ಒಂದು ಕಂದಕದ ಸುತ್ತಳತೆ 22 ಮೈಲಿ, ಅದರ ಮುಂದಿನದು 11 ಮೈಲಿ ಎಂಬ ಲೆಕ್ಕವನ್ನೂ ಕೊಡುತ್ತಾನೆ. ಆದರೆ ಒಂದೊಂದು ಗಡಿಯ ಹತ್ತಿರವೂ ಸ್ವಲ್ಪ ನಿಂತು ನೋಡಿದರೆ ಖಾನೆಗಳಿಗಿಂತ ಅವುಗಳ ನಡುವಣ ಗೆರೆಗಳೇ ಹೆಚ್ಚು ಮಾತನಾಡುತ್ತವೆ. ಎಲ್ಲಿ ಬಾಗಿಲು ಮುಚ್ಚಿರಬೇಕೋ ಅಲ್ಲಿ ತೆರೆದಿರುತ್ತದೆ. ಎಲ್ಲಿ ತೆರೆದಿರುವುದೆಂದು ನಂಬಿದ್ದೆವೋ ಅಲ್ಲಿ ನಮಗೆ ಪ್ರಿಯವಾದವನೊಬ್ಬನು ಹೊರಗೇ ಉಳಿಯುತ್ತಾನೆ.

ಆರಂಭದಲ್ಲಿರುವುದು ಕತ್ತಲ ಕಾಡು. ನಡುವಯಸ್ಸಿನಲ್ಲಿ ದಾರಿತಪ್ಪಿದ ದಾಂತೆ ಬಿಸಿಲು ಬಿದ್ದ ಗುಡ್ಡವೊಂದನ್ನು ಏರಹೊರಟರೆ ಚಿರತೆ, ಸಿಂಹ, ಹೆಣ್ಣುತೋಳ ಅಡ್ಡ ಬರುತ್ತವೆ. ಅವನನ್ನು ಕೈಹಿಡಿದು ನಡೆಸಲು ಬರುವವನು ರೋಮಿನ ಕವಿ ವರ್ಜಿಲ್. ಸತ್ತು ಸಾವಿರದ ಮುನ್ನೂರು ವರ್ಷವಾದವನು, ಕ್ರಿಸ್ತನಿಗಿಂತ ಹಿಂದಿನವನು. ನೇರವಾಗಿ ಮೇಲೇರಲು ಬರುವಂತಿಲ್ಲ, ಕೆಳಗಿಳಿದು ಸುತ್ತಿಬರಬೇಕೆಂದು ಅವನ ತಿಳಿವಳಿಕೆ.

ನರಕದ ಹೆಬ್ಬಾಗಿಲ ಮೇಲಣ ಬರಹ ಲೋಕಪ್ರಸಿದ್ಧವಾದುದು. ಒಳಹೋಗುವವರು ಆಸೆಯನ್ನು ಹೊರಗೇ ಬಿಡಬೇಕೆಂಬುದು ಅದರ ತಾತ್ಪರ್ಯ. ಬರಹವನ್ನು ಎಲ್ಲರೂ ನೆನೆಯುತ್ತಾರೆ. ಆ ಬಾಗಿಲಿಗೆ ಅಗುಳಿಯಿಲ್ಲವೆಂಬುದನ್ನು ಮರೆಯುತ್ತಾರೆ. ಕ್ರಿಸ್ತನು ಮರಣಾನಂತರ ಪಾತಾಳಕ್ಕಿಳಿದಾಗ ಅದು ಮುರಿಯಿತು, ಅಂದಿನಿಂದ ತೆರೆದೇ ಇದೆ ಎಂದು ಕಾವ್ಯದಲ್ಲಿದೆ. ಒಳಗೆ ಬಂದ ಕೂಡಲೇ ಕಾಣುವವರು ಪಾಪಿಗಳೂ ಅಲ್ಲ, ಪುಣ್ಯವಂತರೂ ಅಲ್ಲ. ಬದುಕಿದ್ದಾಗ ಯಾವ ಪಕ್ಷವನ್ನೂ ಹಿಡಿಯದೆ ತಮ್ಮ ಪಾಡು ತಾವು ನೋಡಿಕೊಂಡವರು. ಅವರನ್ನು ಸ್ವರ್ಗವೂ ಒಲ್ಲದು, ನರಕವೂ ಒಲ್ಲದು. ಬಾಗಿಲಿಗೂ ಹೊಳೆಗೂ ನಡುವಣ ಬಯಲಲ್ಲಿ, ಎಲ್ಲಿಯೂ ನಿಲ್ಲದ ಒಂದು ಬಾವುಟದ ಹಿಂದೆ, ಕಣಜ ನೊಣಗಳಿಂದ ಕಚ್ಚಿಸಿಕೊಳ್ಳುತ್ತ ಓಡುತ್ತಲೇ ಇರುತ್ತಾರೆ. ಗೆರೆಯ ಮೇಲೆಯೇ ಸುಖವಾಗಿ ಬದುಕಿಬಿಡೋಣವೆಂದುಕೊಂಡವರಿಗೆ ಗೆರೆಯೇ ಶಿಕ್ಷೆ.

ಮುಂದೆ ಅಕೆರಾನ್ ಹೊಳೆ, ದೋಣಿಯಲ್ಲಿ ಮುದುಕ ಅಂಬಿಗ. ನಮ್ಮ ವೈತರಣಿ ನೆನಪಾಗದೆ ಇರದು. ಆದರೆ ದಾಂತೆ ಇಲ್ಲಿ ಒಂದು ಸೂಕ್ಷ್ಮವನ್ನು ಕಂಡಿದ್ದಾನೆ. ದಡದಲ್ಲಿ ನಿಂತ ಪಾಪಿಗಳು ದೇವರನ್ನೂ ಹೆತ್ತವರನ್ನೂ ಶಪಿಸುತ್ತಾರೆ, ಅಳುತ್ತಾರೆ. ಆದರೂ ದೋಣಿ ಹತ್ತಲು ನುಗ್ಗುತ್ತಾರೆ. ಅವರ ಅಂಜಿಕೆಯೇ ಆಸೆಯಾಗಿ ತಿರುಗಿದೆಯೆಂದು ವರ್ಜಿಲ್ ವಿವರಿಸುತ್ತಾನೆ. ಯಾರೂ ಅವರನ್ನು ದಬ್ಬಬೇಕಾಗಿಲ್ಲ. ಬದುಕಿನಲ್ಲಿ ತಾವೇ ಬಯಸಿ ಹೋದ ಕಡೆಗೇ ಈಗಲೂ ಹೋಗುತ್ತಾರೆ.

ಈ ನರಕದ ನೆಲ ಎಂತಹುದು? ಕವಿಯು ಕಂಡರಿಯದ ಲೋಕವನ್ನು ಕಂಡ ನೆಲದಿಂದಲೇ ಕಟ್ಟಿದ್ದಾನೆ. ಬಂಡೆಯುರುಳಿದ ಇಳಿಜಾರನ್ನು ಹೇಳಬೇಕಾದರೆ ಟ್ರೆಂಟೋ ಹತ್ತಿರ ಆದಿಜೆ ನದಿಯ ಬದಿಯಲ್ಲಿ ಕುಸಿದ ಬೆಟ್ಟವನ್ನು ಹೆಸರಿಸುತ್ತಾನೆ. ಉರಿಯುವ ಮರಳಿನ ನಡುವೆ ನಡೆಯುವ ಕಟ್ಟೆಗೆ ಪಾದುವಾದವರು ಬ್ರೆಂತ ನದಿಗೆ ಕಟ್ಟಿದ ಏರಿಯೇ ಹೋಲಿಕೆ. ಇನ್ನೊಂದು ಕಡೆ ಪಾಪಿಗಳ ಎರಡು ಗುಂಪು ಎದುರುಬದುರಾಗಿ ಸಾಗುತ್ತವೆ: 1300 ರ ಜೂಬಿಲಿ ವರ್ಷದಲ್ಲಿ ರೋಮಿಗೆ ಬಂದ ಯಾತ್ರಿಕರ ನೂಕುನುಗ್ಗಲಿನಲ್ಲಿ ಸೇತುವೆಯ ಒಂದು ಬದಿ ಹೋಗುವವರಿಗೆ, ಇನ್ನೊಂದು ಬದಿ ಬರುವವರಿಗೆ ಎಂದು ಏರ್ಪಾಡಾದಂತೆ! ಸ್ಟೇಷನ್ನಿನ ಸೇತುವೆಯ ಮೇಲೆ ದಿನವೂ ನಡೆಯುವ ನಮಗೆ ಈ ಉಪಮೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆತ್ಮಹತ್ಯೆ ಮಾಡಿಕೊಂಡವರು ಮರಗಳಾಗಿ ನಿಂತ ಕಾಡು ಸಹ ಟಸ್ಕನಿಯ ಕರಾವಳಿಯ ಪೊದೆಗಾಡಿನ ಹೋಲಿಕೆಯಿಂದಲೇ ಬೆಳೆದದ್ದು. ಊರಿಗೆ ಮರಳಲಾಗದವನು ತನ್ನ ನಾಡನ್ನು ಸುತ್ತಿ ಸುತ್ತಿ ನೋಡಿ, ಅದರ ಕಲ್ಲು ಮಣ್ಣುಗಳನ್ನೆಲ್ಲ ಪರಲೋಕಕ್ಕೆ ಹೊತ್ತುಕೊಂಡು ಹೋದಂತಿದೆ.

ಏಳನೆಯ ವೃತ್ತದ ತುತ್ತತುದಿಯಲ್ಲಿ, ಪ್ರಪಾತದ ಅಂಚಿನಲ್ಲಿ, ಬಡ್ಡಿಯವರು ಕುಳಿತಿದ್ದಾರೆ. ಪ್ರತಿಯೊಬ್ಬರ ಕೊರಳಿನಲ್ಲೂ ಮನೆತನದ ಲಾಂಛನವಿರುವ ಹಣದ ಚೀಲ. ಒಂದರ ಮೇಲೆ ನೀಲಿ ಸಿಂಹ, ಇನ್ನೊಂದರ ಮೇಲೆ ಬಿಳಿ ಹೆಬ್ಬಾತು, ಮತ್ತೊಂದರ ಮೇಲೆ ನೀಲಿ ಹಂದಿ. ಮುಖ ನೋಡಿ ಗುರುತು ಹಿಡಿಯಲಾಗದು. ಚೀಲ ನೋಡಿಯೇ ತಿಳಿಯಬೇಕು. ಹಂದಿಯ ಲಾಂಛನ ಪಾದುವಾದ ಸ್ಕ್ರೊವೇಂಯಿ ಮನೆತನದ್ದು. ಆ ಮನೆಯ ಮಗನೇ ಕಟ್ಟಿಸಿದ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಜಿಯೊಟ್ಟೊ ಬರೆದ ಚಿತ್ರಗಳು ಇಂದು ಲೋಕಪ್ರಸಿದ್ಧ. ಬಿ.ಕಾಂ. ಮುಗಿಸಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಅನ್ನ ಸಂಪಾದಿಸುವ ನಾನು ಈ ಸರ್ಗವನ್ನು ಸ್ವಲ್ಪ ಬೇಗನೆ ದಾಟುವುದು ವಾಡಿಕೆ.

ಅದಕ್ಕೂ ಕೆಳಗೆ ಲಂಚಕೋರ ಅಧಿಕಾರಿಗಳ ಕಂದಕ. ವೆನಿಸ್ಸಿನ ಹಡಗುಕಟ್ಟೆಯಲ್ಲಿ ಚಳಿಗಾಲದಲ್ಲಿ ಕುದಿಸುವ ರಾಳದಂತಹ ಕರಿಯ ರಾಳದಲ್ಲಿ ಅವರು ಮುಳುಗಿದ್ದಾರೆ. ತಲೆಯೆತ್ತಿದರೆ ಪಿಶಾಚಿಗಳು ಕೊಕ್ಕೆಯಿಂದ ಅದುಮುತ್ತವೆ. ದಾಂತೆಯ ಮೇಲೆ ಹೊರಿಸಿದ್ದ ಅಪವಾದವೂ ಇದೇ ಎಂಬುದನ್ನು ನೆನೆಯಿರಿ. ಇಲ್ಲಿ ವರ್ಜಿಲ್ ಅವನನ್ನು ಬಂಡೆಯ ಹಿಂದೆ ಅಡಗಿಸಿಡುತ್ತಾನೆ. ಕಡೆಗೆ ಪಿಶಾಚಿಗಳು ಅಟ್ಟಿಸಿಕೊಂಡು ಬಂದಾಗ, ತಾಯಿ ಮಗುವನ್ನೆತ್ತಿಕೊಂಡಂತೆ ಅವನನ್ನು ಎದೆಗವಚಿಕೊಂಡು ಮುಂದಿನ ಕಂದಕಕ್ಕೆ ಜಾರಿಬಿಡುತ್ತಾನೆ. ಪಿಶಾಚಿಗಳು ಅಂಚಿನವರೆಗೆ ಬಂದು ನಿಲ್ಲುತ್ತವೆ. ಅವುಗಳಿಗೆ ಐದನೆಯ ಕಂದಕದ ಅಧಿಕಾರವನ್ನು ಕೊಟ್ಟ ದೈವವೇ ಅದನ್ನು ಬಿಟ್ಟು ಹೊರಡುವ ಶಕ್ತಿಯನ್ನು ಕಿತ್ತುಕೊಂಡಿದೆ. ಫ್ಲಾರೆನ್ಸಿನ ನ್ಯಾಯಾಧಿಕಾರಿಗಳ ಕೈಯೂ ಅವರ ಸರಹದ್ದಿನ ಆಚೆ ಚಾಚಲಾರದಷ್ಟೆ. ಸರಹದ್ದು ಒಬ್ಬನನ್ನು ಹೊರದೂಡುವುದೂ ಉಂಟು, ಅದೇ ಸರಹದ್ದು ಅವನ ಜೀವ ಉಳಿಸುವುದೂ ಉಂಟು. ಇದನ್ನು ಪುಸ್ತಕದಲ್ಲಿ ಓದಿ ತಿಳಿದವನಲ್ಲ ದಾಂತೆ.

ಅದೇ ಕೆಳನರಕದಲ್ಲಿ ಯುಲಿಸಿಸನ ಜ್ವಾಲೆಯಿದೆ. ಅವನು ಮುದಿವಯಸ್ಸಿನಲ್ಲಿ ಜೊತೆಗಾರರನ್ನು ಹುರಿದುಂಬಿಸಿ, ಮನುಷ್ಯರು ದಾಟಬಾರದೆಂದು ಹರ್ಕ್ಯುಲಿಸ್ ಗುರುತಿಟ್ಟ ಜಲಸಂಧಿಯನ್ನು ದಾಟಿ ಪಶ್ಚಿಮಕ್ಕೆ ಹಡಗು ನಡೆಸಿದನು. ಐದು ತಿಂಗಳ ಮೇಲೆ ದೂರದಲ್ಲಿ ಮಸುಕಾಗಿ ಮಹಾಪರ್ವತವೊಂದು ಕಂಡಿತು. ಸಂತೋಷಪಡುವಷ್ಟರಲ್ಲಿ ಸುಳಿಗಾಳಿಯೆದ್ದು ಹಡಗು ಮೂರು ಸುತ್ತು ತಿರುಗಿ ಮುಳುಗಿತು. ಅದು ಶುದ್ಧಿಪರ್ವತವೇ. ಸ್ವಲ್ಪ ದಿನದಲ್ಲಿ ದಾಂತೆ ಅದೇ ತೀರದಲ್ಲಿ ಕಾಲಿಡುತ್ತಾನೆ, ಭೂಗರ್ಭದ ದಾರಿಯಿಂದ. ಭೂಕೇಂದ್ರದಲ್ಲಿ, ಬೆಂಕಿಯಲ್ಲಿ ಅಲ್ಲ, ಮಂಜುಗಡ್ಡೆಯಲ್ಲಿ ಹೂತುಹೋದ ಲೂಸಿಫರನ ಮೈಕೂದಲನ್ನು ಹಿಡಿದು ಇಳಿಯುತ್ತಿರುವಾಗ, ಸೊಂಟದ ಬಳಿ ವರ್ಜಿಲ್ ಏದುಸಿರು ಬಿಡುತ್ತ ತಲೆಕೆಳಗಾಗಿ ತಿರುಗುತ್ತಾನೆ. ಅಲ್ಲಿಂದಾಚೆ ಇಳಿಯುವುದೇ ಏರುವುದಾಗುತ್ತದೆ! ಕಣ್ಣಿಗೆ ಕಾಣದ, ಗೋಡೆಯಿಲ್ಲದ ಈ ಗಡಿ ನನಗೆ ಕಾವ್ಯದಲ್ಲೆಲ್ಲ ಅತ್ಯಂತ ವಿಸ್ಮಯಕರವಾದುದು.

ಶುದ್ಧಿಪರ್ವತದ ಗಾಳಿಯೇ ಬೇರೆ. ನರಕದಲ್ಲಿ ತಳ್ಳುಬಲದ ಗಡಿಗಳು. ಇಲ್ಲಿರುವವು ಕಾಯುವ ಗಡಿಗಳು. ಪರ್ವತದ ತಪ್ಪಲಿನಲ್ಲಿಯೇ ಸಿಸಿಲಿಯ ರಾಜ ಮನ್‌ಫ್ರೇದಿಯ ಭೇಟಿಯಾಗುತ್ತದೆ. ಇವನು ಚರ್ಚಿನಿಂದ ಬಹಿಷ್ಕೃತನಾಗಿದ್ದವನು. 1266 ರಲ್ಲಿ ಬೆನೆವೆಂತೋ ಕಾಳಗದಲ್ಲಿ ಸತ್ತನು. ಶತ್ರುಸೈನಿಕರು ಸೇತುವೆಯ ತುದಿಯಲ್ಲಿ ಅವನ ಮೇಲೆ ಕಲ್ಲುಗುಪ್ಪೆ ಮಾಡಿದ್ದರು. ಬಹಿಷ್ಕೃತನ ಮೂಳೆ ನಾಡಿನಲ್ಲಿರಬಾರದೆಂದು ಬಿಷಪ್ಪನೊಬ್ಬನು ಅವನ್ನು ಅಗೆಸಿ, ದೀಪಗಳನ್ನು ನಂದಿಸಿ ಸಾಗಿಸಿ, ರಾಜ್ಯದ ಎಲ್ಲೆಯಾಚೆ ಹೊಳೆಯ ಬದಿಯಲ್ಲಿ ಎಸೆಯಿಸಿದನು. ಈಗ ಮಳೆ ತೋಯಿಸುತ್ತದೆ, ಗಾಳಿ ಅಲ್ಲಾಡಿಸುತ್ತದೆ ಎಂದು ರಾಜನು ಹೇಳುತ್ತಾನೆ. ಹೇಳುವಾಗ ಮುಖದಲ್ಲಿ ಮುಗುಳ್ನಗೆ! ಏಕೆಂದರೆ ಪ್ರಾಣ ಹೋಗುವ ಹೊತ್ತಿನಲ್ಲಿ ಅತ್ತು ಕರೆದ ಅವನನ್ನು ದೇವರು ಒಳಗೆ ತೆಗೆದುಕೊಂಡಿದ್ದಾನೆ. ಬಹಿಷ್ಕಾರದಲ್ಲಿ ಕಳೆದ ಕಾಲದ 30 ಪಟ್ಟು ತಪ್ಪಲಿನಲ್ಲಿ ಕಾಯಬೇಕು, ಅಷ್ಟೆ. ಮೂಳೆ ಗಡಿಯಾಚೆ ಬಿದ್ದಿದೆ, ಜೀವ ಗಡಿಯೊಳಗಿದೆ. ಮನುಷ್ಯರು ಎಳೆದ ಗೆರೆಯೂ ದೇವರ ಗೆರೆಯೂ ಒಂದೇ ಅಲ್ಲವೆಂದು ಗಡೀಪಾರಾದವನು ಇದಕ್ಕಿಂತ ಗಟ್ಟಿಯಾಗಿ ಹೇಗೆ ಹೇಳಬೇಕು?

ಅಲ್ಲಿಂದ ಮುಂದೆ ಒಬ್ಬ ಪ್ರೇತಾತ್ಮ ಸಿಂಹದಂತೆ ಒಂಟಿಯಾಗಿ ಕುಳಿತಿದೆ. ದಾರಿ ಕೇಳಿದರೆ ಉತ್ತರ ಕೊಡದೆ, ನಿಮ್ಮ ಊರು ಯಾವುದು ಎಂದು ಕೇಳುತ್ತದೆ. ವರ್ಜಿಲ್ ‘ಮಾಂತುವಾ’ ಎಂಬ ಒಂದು ಹೆಸರನ್ನು ಉಚ್ಚರಿಸುವಷ್ಟರಲ್ಲಿ, ತಾನೂ ಅಲ್ಲಿಯವನೇ ಎಂದು ಎದ್ದು ಬಂದು ತಬ್ಬಿಕೊಳ್ಳುತ್ತದೆ. ಇವನು ಕವಿ ಸೊರ್ದೆಲ್ಲೊ. ತಬ್ಬಿದವನು ವರ್ಜಿಲ್ ಎಂಬುದು ಅವನಿಗೆ ಇನ್ನೂ ಗೊತ್ತಿಲ್ಲ. ಊರಿನ ಹೆಸರಷ್ಟೇ ಸಾಕಾಯಿತು. ಬಸ್ಸಿನಲ್ಲಿಯೋ ತರಕಾರಿಯ ಅಂಗಡಿಯಲ್ಲಿಯೋ ಹಿಂದಿನಿಂದ ಕನ್ನಡದ ಮಾತೊಂದು ಕೇಳಿದರೆ ತಿರುಗಿ “ತಮ್ಮದು ಯಾವ ಊರು?” ಎಂದು ಕೇಳದವರು ಈ ಸಭೆಯಲ್ಲಿ ಯಾರಿದ್ದಾರೆ? ದಾಂತೆ ಈ ಆಲಿಂಗನವನ್ನು ನೋಡಿ ಸುಮ್ಮನಿರಲಿಲ್ಲ. ಸತ್ತವರು ಹೀಗಿರುವಾಗ, ಒಂದೇ ಗೋಡೆ ಒಂದೇ ಕಂದಕದೊಳಗಿರುವ ಜೀವಂತ ಇಟಲಿಯವರು ಒಬ್ಬರನ್ನೊಬ್ಬರು ಕಚ್ಚುತ್ತಿದ್ದಾರಲ್ಲಾ ಎಂದು ಅರ್ಧ ಸರ್ಗ ಹಲುಬುತ್ತಾನೆ.

ಈ ಸೊರ್ದೆಲ್ಲೊ ಬೆರಳಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು ತೋರಿಸುತ್ತಾನೆ: ಹೊತ್ತು ಮುಳುಗಿದ ಮೇಲೆ ಇಷ್ಟನ್ನೂ ದಾಟಿ ಮೇಲೆ ಹೋಗಲಾಗದು. ತಡೆಯುವವರು ಯಾರೂ ಇಲ್ಲ; ಕತ್ತಲೆಯೇ ಮನಸ್ಸಿನ ಶಕ್ತಿಯನ್ನು ಕಟ್ಟಿಹಾಕುತ್ತದೆ. ಇಡೀ ಕಾವ್ಯದಲ್ಲಿ ಇದಕ್ಕಿಂತ ತೆಳ್ಳಗಿನ ಗಡಿಯಿಲ್ಲ, ಇದಕ್ಕಿಂತ ಬಿಗಿಯಾದುದೂ ಇಲ್ಲ.

ಪರ್ವತದ ನಿಜವಾದ ಬಾಗಿಲಿಗೆ ಮೂರು ಮೆಟ್ಟಲು. ಮೊದಲನೆಯದು ಮುಖ ಕಾಣುವಷ್ಟು ನುಣುಪಾದ ಬಿಳಿಯ ಅಮೃತಶಿಲೆ. ಎರಡನೆಯದು ಅಡ್ಡಡ್ಡ ಉದ್ದುದ್ದ ಬಿರುಕು ಬಿಟ್ಟ ಕಪ್ಪುಕಲ್ಲು. ಮೂರನೆಯದು ನೆತ್ತರಿನಂತೆ ಕೆಂಪು. ತನ್ನನ್ನು ತಾನು ಕಾಣುವುದು, ಎದೆ ಒಡೆಯುವುದು, ಪ್ರೀತಿಯಿಂದ ತೀರಿಸುವುದು ಎಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಬೂದಿಬಣ್ಣದ ಉಡುಪಿನ ದೇವದೂತನು ದಾಂತೆಯ ಹಣೆಯ ಮೇಲೆ ಕತ್ತಿಯ ಮೊನೆಯಿಂದ ಏಳು ಪಾಪಾಕ್ಷರಗಳನ್ನು ಬರೆದು, ಚಿನ್ನದ ಬೆಳ್ಳಿಯ ಎರಡು ಕೀಲಿಗಳಿಂದ ಬಾಗಿಲು ತೆರೆಯುತ್ತಾನೆ. ಒಂದೇ ಕಟ್ಟಳೆ: ಹಿಂದಿರುಗಿ ನೋಡಿದವನು ಮತ್ತೆ ಹೊರಗೆ. ಆಮೇಲೆ ಬೆಟ್ಟದ ಸುತ್ತ ಏಳು ಜಗಲಿಗಳು. ಒಂದೊಂದು ಜಗಲಿ ಮುಗಿದಂತೆ ಹಣೆಯ ಒಂದೊಂದು ಅಕ್ಷರ ಅಳಿಯುತ್ತದೆ, ಏರುವುದು ಹಗುರಾಗುತ್ತದೆ.

ಕೊನೆಯ ಜಗಲಿಯಲ್ಲಿ ಬೆಂಕಿಯ ಗೋಡೆ. ನರಕವನ್ನೆಲ್ಲ ಕಂಡುಬಂದ ದಾಂತೆ ಇಲ್ಲಿ ಕಾಲು ಕೀಳದೆ ನಿಲ್ಲುತ್ತಾನೆ. ವರ್ಜಿಲ್ ಎಷ್ಟು ಹೇಳಿದರೂ ಆಗದು. ನಿನಗೂ ಬಿಯಾಟ್ರಿಸಳಿಗೂ ನಡುವೆ ಇರುವುದು ಈ ಗೋಡೆಯೊಂದೇ ಎಂದಾಗ, ಹಣ್ಣು ತೋರಿಸಿದ ಮಗುವಿನಂತೆ ಒಳನುಗ್ಗುತ್ತಾನೆ. ಬಿಯಾಟ್ರಿಸ್ ಅವನು ಎಳವೆಯಿಂದ ಪ್ರೀತಿಸಿದವಳು. ಸಣ್ಣ ವಯಸ್ಸಿನಲ್ಲೇ ತೀರಿಕೊಂಡವಳು. ಬೆಂಕಿಯಾಚೆ ಬೆಟ್ಟದ ನೆತ್ತಿಯ ಮೇಲೆ ಆದಿಮಾನವನ ಉದ್ಯಾನ. ಕತ್ತಲ ಕಾಡಿನಲ್ಲಿ ಶುರುವಾದದ್ದು ಇಲ್ಲಿ ಬೆಳಕಿನ ಕಾಡಾಗಿದೆ. ಆ ಮರಗಳ ಮರ್ಮರಕ್ಕೆ ದಾಂತೆ ಕೊಡುವ ಹೋಲಿಕೆ ಎಲ್ಲಿಯದು? ರವೆನ್ನಾದ ಹತ್ತಿರ, ಸಮುದ್ರತೀರದ ದೇವದಾರು ತೋಪಿನಲ್ಲಿ ತೆಂಕಣ ಗಾಳಿ ಬೀಸುವಾಗ ಕೇಳುವ ಸದ್ದು. ಹುಟ್ಟಿದ ಊರಿನ ನೆಲವನ್ನಲ್ಲ, ಆಶ್ರಯ ಕೊಟ್ಟ ಸೀಮೆಯ ತೋಪನ್ನು ಆತನು ಈಡನ್ ತೋಟಕ್ಕೆ ಆರಿಸಿಕೊಂಡನು.

ಇದೇ ತೋಟದಲ್ಲಿ ವರ್ಜಿಲ್ ಮಾಯವಾಗುತ್ತಾನೆ. ಬಿಯಾಟ್ರಿಸ್ ಬಂದಳೆಂದು ಹೇಳಲು ದಾಂತೆ ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇಲ್ಲ. ಅವನು ಕ್ರಿಸ್ತನನ್ನು ಅರಿಯದ ಕಾಲದವನು, ಸ್ವರ್ಗಕ್ಕೆ ಪ್ರವೇಶವಿಲ್ಲ. ನರಕದ ಮೊದಲನೆಯ ವೃತ್ತದಲ್ಲಿ, ಏಳು ಸುತ್ತಿನ ಕೋಟೆಯೊಳಗೆ, ಹೋಮರ್ ಮೊದಲಾದವರೊಡನೆ ನೋವಿಲ್ಲದೆ, ಆಸೆಯೂ ಇಲ್ಲದೆ ಇರಬೇಕು. ದಾರಿ ತೋರಿದವನೇ ಹೊರಗೆ! ಈ ಸ್ಥಳಕ್ಕೆ ಬಂದಾಗ ನಮ್ಮವರಿಗೆ ಧರ್ಮರಾಯನ ನೆನಪು ಬರುವುದು ಸಹಜ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದು ಅವನು ಇಂದ್ರನ ಮುಂದೆ ಹಟ ಹಿಡಿದನು. ದಾಂತೆ ಹಟ ಹಿಡಿಯಲಿಲ್ಲ, ಅತ್ತನು. ಅವನ ಶಾಸ್ತ್ರ ಅಷ್ಟಕ್ಕೇ ಎಡೆ ಕೊಟ್ಟಿತೆಂದು ಕಾಣುತ್ತದೆ. ಧರ್ಮರಾಯನ ಪಕ್ಷವೇ ನನ್ನದು. ಆದರೂ ಆ ಅಳುವಿನಲ್ಲಿ ಶಾಸ್ತ್ರಕ್ಕೆ ಒಪ್ಪದ ಏನೋ ಇದೆ ಎಂಬುದನ್ನು ಹೇಳದೆ ಬಿಡಲಾರೆ.

ಸ್ವರ್ಗದಲ್ಲಿ ಗೋಡೆಗಳಿಲ್ಲ. ಚಂದ್ರನಿಂದ ಹಿಡಿದು ಗೋಳದಿಂದ ಗೋಳಕ್ಕೆ ಏರುವಾಗ ಗಡಿ ದಾಟಿದ್ದು ದಾಂತೆಗೆ ಗೊತ್ತೂ ಆಗುವುದಿಲ್ಲ. ಬಿಯಾಟ್ರಿಸಳ ಕಣ್ಣು ಇನ್ನಷ್ಟು ಹೊಳೆದುದರಿಂದ ಊಹಿಸಬೇಕು. ಎಲ್ಲಕ್ಕೂ ಕೆಳಗಿನ ಚಂದ್ರಗೋಳದಲ್ಲಿರುವ ಪಿಕ್ಕಾರ್ದಳನ್ನು, ಇನ್ನೂ ಮೇಲಿರಬೇಕೆಂದು ಆಸೆಯಿಲ್ಲವೇ ಎಂದು ಕೇಳಿದರೆ ಅವಳು ನಗುತ್ತಾಳೆ.

ಮಂಗಳಗೋಳದಲ್ಲಿ ದಾಂತೆಗೆ ತನ್ನ ಮುತ್ತಜ್ಜನ ತಂದೆ ಕಾಚ್ಚಗ್ವೀದನ ದರ್ಶನವಾಗುತ್ತದೆ. ಹಳೆಯ ಕೋಟೆಯ ಸುತ್ತಿನೊಳಗೆ ಫ್ಲಾರೆನ್ಸ್ ಎಷ್ಟು ಸರಳವಾಗಿ ನೆಮ್ಮದಿಯಾಗಿತ್ತೆಂದು ಅಜ್ಜನು ಬಣ್ಣಿಸುತ್ತಾನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾಂಪಿಯಿಂದ, ಚೆರ್ತಾಲ್ದೋದಿಂದ, ಫಿಲೀನೆಯಿಂದ ಬಂದು ಸೇರಿದವರಿಂದ ಊರು ಕೆಟ್ಟಿತು, ಜನ ಬೆರೆತದ್ದೇ ನಗರದ ರೋಗಕ್ಕೆ ಮೂಲ ಎಂದೂ ಹೇಳುತ್ತಾನೆ. ಹೊಟ್ಟೆಪಾಡಿಗಾಗಿ ಬಂದು ಈ ನಗರದಲ್ಲಿ ನೆಲೆಸಿದ ನಮಗೆ ಈ ಮಾತು ರುಚಿಸುವುದು ಸಾಧ್ಯವಿಲ್ಲ, ರುಚಿಸಬೇಕಾಗಿಯೂ ಇಲ್ಲ. ‘ಹೊರಗಿನವರು’ ಎಂಬ ಶಬ್ದವನ್ನು ಎಲ್ಲ ಊರುಗಳಲ್ಲೂ ಎಲ್ಲ ಕಾಲದಲ್ಲೂ ಇದೇ ದನಿಯಲ್ಲಿ ಹೇಳುತ್ತಾರೆ. ನಮ್ಮ ನಾಡಿನಲ್ಲಿ ನಾವೂ ಹೇಳಿದ್ದುಂಟು. ವಿಚಿತ್ರವೆಂದರೆ ಮುಂದಿನ ಸರ್ಗದಲ್ಲಿಯೇ ಇದೇ ಅಜ್ಜನು ಮರಿಮಗನ ಭವಿಷ್ಯವನ್ನು ಹೇಳುತ್ತಾನೆ. ನೀನು ಪ್ರೀತಿಸಿದುದನ್ನೆಲ್ಲ ಬಿಟ್ಟು ಹೊರಡಬೇಕಾಗುತ್ತದೆ, ಪರರ ರೊಟ್ಟಿ ಎಷ್ಟು ಉಪ್ಪೆಂದು ನಾಲಗೆಗೆ ತಿಳಿಯುತ್ತದೆ, ಪರರ ಮೆಟ್ಟಲು ಹತ್ತಿಳಿಯುವುದು ಎಷ್ಟು ಕಷ್ಟವೆಂದು ಕಾಲಿಗೆ ತಿಳಿಯುತ್ತದೆ ಎಂದು. ಟಸ್ಕನಿಯಲ್ಲಿ ರೊಟ್ಟಿಗೆ ಉಪ್ಪು ಹಾಕುವ ರೂಢಿ ಇಂದಿಗೂ ಇಲ್ಲ. ಆದುದರಿಂದ ಇದು ಅಲಂಕಾರದ ಮಾತು ಮಾತ್ರವಲ್ಲ, ನಾಲಗೆಯ ಮಾತೇ. ಊರು ಬಿಟ್ಟ ಮೊದಲ ತಿಂಗಳಲ್ಲಿ ಖಾನಾವಳಿಯ ಸಾರಿನ ಮುಂದೆ ಕುಳಿತವರಿಗೆ ಇದರ ಭಾಷ್ಯ ಬೇಡ. ಬಂದವರನ್ನು ಹಳಿಯುವ ಸರ್ಗವನ್ನೂ ಹೊರಟವನನ್ನು ಮರುಗುವ ಸರ್ಗವನ್ನೂ ಪಕ್ಕಪಕ್ಕದಲ್ಲಿಟ್ಟ ಕವಿ ಅವೆರಡನ್ನೂ ಕೂಡಿಸಿ ನೋಡಲಿಲ್ಲ. ನಾವು ನೋಡಬಹುದು.

ಈಗ ಗುರುಗೋಳ. ಇಲ್ಲಿ ನ್ಯಾಯವಂತರಾದ ರಾಜರ ಆತ್ಮಗಳು ಕೂಡಿ ಒಂದು ಗರುಡನ ಆಕಾರ ತಾಳಿ ಒಂದೇ ದನಿಯಲ್ಲಿ ಮಾತನಾಡುತ್ತವೆ. ದಾಂತೆಯ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿದ್ದ ಸಂದೇಹವನ್ನು ಗರುಡನೇ ಎತ್ತಿ ಆಡುತ್ತದೆ. ಸಿಂಧೂನದಿಯ ತೀರದಲ್ಲಿ ಒಬ್ಬ ಮನುಷ್ಯನು ಹುಟ್ಟುತ್ತಾನೆ. ಅಲ್ಲಿ ಕ್ರಿಸ್ತನ ವಿಷಯ ಹೇಳುವವರಿಲ್ಲ, ಓದಿಸುವವರಿಲ್ಲ, ಬರೆಯುವವರಿಲ್ಲ. ಅವನ ಬಯಕೆಗಳೂ ನಡತೆಯೂ ಮನುಷ್ಯನ ಬುದ್ಧಿಗೆ ತಿಳಿದಮಟ್ಟಿಗೆ ನಿರ್ದೋಷ. ದೀಕ್ಷೆಯಿಲ್ಲದೆ ಸತ್ತ ಅವನಿಗೆ ಶಿಕ್ಷೆಯಾಗುವುದು ಯಾವ ನ್ಯಾಯ? ಅವನ ತಪ್ಪೇನು?

ಈ ಸಿಂಧೂತೀರದ ಮನುಷ್ಯ ಬೇರೆ ಯಾರೂ ಅಲ್ಲ. ನಮ್ಮ ನಮ್ಮ ಅಜ್ಜ ಮುತ್ತಜ್ಜಂದಿರೇ. 700 ವರ್ಷದ ಹಿಂದೆ, ಭಾರತವನ್ನು ಕಾಣದ ಒಬ್ಬನು, ತನ್ನ ಧರ್ಮದ ಸ್ವರ್ಗದ ನಡುವೆಯೇ ನಿಂತು ನಮ್ಮ ಪರವಾಗಿ ಒಂದು ಅರ್ಜಿ ಬರೆದಿಟ್ಟಿದ್ದಾನೆ. ಗರುಡನ ಉತ್ತರ ಮೊದಲು ಗದರಿಕೆಯದು: ಗೇಣುದ್ದ ಕಾಣುವ ಕಣ್ಣಿಟ್ಟುಕೊಂಡು ಸಾವಿರ ಮೈಲಿ ದೂರದ್ದಕ್ಕೆ ತೀರ್ಪು ಹೇಳಲು ನೀನಾರು? ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಕ್ರಿಸ್ತ ಕ್ರಿಸ್ತ ಎಂದು ಕೂಗುವ ಹಲವರು ಕಡೆಯ ದಿನ ಅವನನ್ನು ಅರಿಯದವರಿಗಿಂತ ಅವನಿಗೆ ದೂರವಾಗಿರುತ್ತಾರೆಂದು ಗರುಡ ಮುಂದುವರಿಸುತ್ತದೆ. ಮರುಸರ್ಗದಲ್ಲಿ ಅದು ತನ್ನ ಕಣ್ಣಿನ ಹುಬ್ಬಿನಲ್ಲಿ ಮಿನುಗುವ ಐದು ಆತ್ಮಗಳನ್ನು ಹೆಸರಿಸುವಾಗ ಅವರಲ್ಲಿ ಇಬ್ಬರು ಕ್ರೈಸ್ತರಾಗಿ ಬದುಕಿದವರಲ್ಲ: ರೋಮಿನ ಚಕ್ರವರ್ತಿ ಟ್ರಾಜನ್, ಮತ್ತು ಟ್ರಾಯ್ ಯುದ್ಧದಲ್ಲಿ ಸತ್ತ ರಿಫೇಯುಸ್. ಈ ರಿಫೇಯುಸನ ಹೆಸರು ವರ್ಜಿಲನ ಕಾವ್ಯದಲ್ಲಿ ಒಂದೆರಡು ಕಡೆ ಮಾತ್ರ ಬರುತ್ತದೆ. ಅವನನ್ನು ಹಾಡಿದವನು ಹೊರಗೆ, ಹಾಡಿಸಿಕೊಂಡವನು ಒಳಗೆ! ವಿದ್ವಾಂಸರು ಇದಕ್ಕೆ ಹಲವು ಸಮಾಧಾನ ಹೇಳಿದ್ದಾರೆ. ಕಾವ್ಯ ಓದುವವನಿಗಾದರೋ ಪ್ರಶ್ನೆಯೇ ಉತ್ತರಕ್ಕಿಂತ ದೊಡ್ಡದಾಗಿ ನಿಲ್ಲುತ್ತದೆ. ಅದನ್ನು ಅಳಿಸದೆ ಹಾಗೆಯೇ ಬಿಟ್ಟುದು ದಾಂತೆಯ ಪ್ರಾಮಾಣಿಕತೆ.

ಇನ್ನೂ ಮೇಲೆ, ನಕ್ಷತ್ರಗೋಳದಿಂದ, ದಾಂತೆ ಒಮ್ಮೆ ಕೆಳಗೆ ನೋಡುತ್ತಾನೆ. ಏಳು ಗ್ರಹಗಳ ಕೆಳಗೆ ಭೂಮಿ ಕಾಣುತ್ತದೆ, ಒಂದು ಪುಟ್ಟ ಕಣದಷ್ಟು. ರಾಶಿ ಮಾಡುವ ಒಕ್ಕಲಿನ ಕಣ. ಇದಕ್ಕಾಗಿಯೇ ನಾವು ಇಷ್ಟು ಕ್ರೂರರಾಗುವುದು ಎಂದುಕೊಂಡು ನಗುತ್ತಾನೆ. ಆದರೂ ಸ್ವಲ್ಪ ಮುಂದಕ್ಕೆ, ಇಪ್ಪತ್ತೈದನೆಯ ಸರ್ಗದ ಮೊದಲಿಗೇ, ಆ ಕಣದ ಒಂದು ಮೂಲೆಗಾಗಿ ಹಂಬಲಿಸುತ್ತಾನೆ. ಈ ಕಾವ್ಯದ ಬಲದಿಂದ ಊರಿನವರ ಮನಸ್ಸು ಕರಗಿದರೆ, ನರೆತ ತಲೆಯಲ್ಲಿ ಹಿಂದಿರುಗಿ, ತನಗೆ ಜ್ಞಾನಸ್ನಾನವಾದ ಸಂತ ಯೋಹಾನನ ಗುಡಿಯಲ್ಲಿ ಕವಿಕಿರೀಟ ಧರಿಸುತ್ತೇನೆಂದು ಆಸೆ ಪಡುತ್ತಾನೆ. ಸ್ವರ್ಗದ ಎತ್ತರದಲ್ಲಿಯೂ ಅವನಿಗೆ ಊರಿನ ಬಾಗಿಲು ಮರೆಯಲಿಲ್ಲ.

ಆ ಬಾಗಿಲು ತೆರೆಯಲಿಲ್ಲ. 1315 ರಲ್ಲಿ ಒಮ್ಮೆ ಫ್ಲಾರೆನ್ಸಿನವರು ದಂಡ ತೆತ್ತು ತಪ್ಪಿತಸ್ಥನಂತೆ ತಲೆತಗ್ಗಿಸಿ ಬಂದರೆ ಕ್ಷಮಿಸುತ್ತೇವೆಂದರು, ಅವನು ಒಲ್ಲೆನೆಂದನು. ಸತ್ತ ಮೇಲೆ ಊರಿನವರಿಗೆ ಅವನ ಮೂಳೆ ಬೇಕಾಯಿತು. 1519 ರಲ್ಲಿ ಪೋಪನ ಒಪ್ಪಿಗೆ ಪಡೆದು ರವೆನ್ನಾಕ್ಕೆ ಜನ ಕಳುಹಿಸಿದರು. ಸಮಾಧಿ ತೆರೆದರೆ ಬರಿದು! ಪಕ್ಕದ ಮಠದ ಸನ್ಯಾಸಿಗಳು ಗೋಡೆಗೆ ಕನ್ನ ಕೊರೆದು ಅಸ್ಥಿಗಳನ್ನು ಮೊದಲೇ ಒಳಗೆ ತೆಗೆದುಕೊಂಡಿದ್ದರು. ಅವು ಒಂದು ಮರದ ಪೆಟ್ಟಿಗೆಯಲ್ಲಿ ಮತ್ತೆ ಬೆಳಕಿಗೆ ಬಂದದ್ದು 1865 ರಲ್ಲಿ. ಫ್ಲಾರೆನ್ಸಿನ ಸಾಂತಾ ಕ್ರೋಚೆ ಇಗರ್ಜಿಯಲ್ಲಿ ಅವನ ಹೆಸರಿನ ದೊಡ್ಡದೊಂದು ಗೋರಿಯಿದೆ, ಒಳಗೆ ಏನೂ ಇಲ್ಲ. 2008 ರಲ್ಲಿ ಫ್ಲಾರೆನ್ಸ್ ನಗರಸಭೆ ಹಳೆಯ ಶಿಕ್ಷೆಯನ್ನು ರದ್ದುಪಡಿಸುವ ನಿರ್ಣಯವನ್ನು ಅಂಗೀಕರಿಸಿತು. ಅದೂ ಸರ್ವಾನುಮತದಿಂದಲ್ಲ, ಮತಕ್ಕೆ ಹಾಕಿ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ರವೆನ್ನಾದ ಸಮಾಧಿಯ ದೀಪಕ್ಕೆ ಬೇಕಾದ ಎಣ್ಣೆ ಫ್ಲಾರೆನ್ಸಿನಿಂದ ಹೋಗುತ್ತದೆ. ಅಸ್ಥಿಗಳು ರವೆನ್ನಾದಲ್ಲಿಯೇ ಇವೆ.